ಹೈಡ್ರಾಗಳು ಎರಡೇ ದಿನದಲ್ಲಿ ಕರಗಿಹೋಗುತ್ತಿವೆ, ದಯವಿಟ್ಟು ಕಾರಣ ತಿಳಿಸಿ

ಬಸವನಗುಡಿ ಶಿಕ್ಷಕಿ:
ನಾಲ್ಕನೆಯ ಬಾರಿಯೂ ನನ್ನ ಹೈಡ್ರಾಗಳು (ಸಿಹಿನೀರಿನ ಪುಟ್ಟ ಜೀವಿಗಳು) ಸತ್ತಿವೆ. ಹತ್ತನೆಯ ತರಗತಿಯ ಮಕ್ಕಳಿಗೆ ಮೊಗ್ಗುವಿಕೆಯನ್ನು (ತಾಯಿಯ ಮೈಯಿಂದಲೇ ಮರಿ ಮೊಗ್ಗಿನಂತೆ ಮೂಡುವುದನ್ನು) ಜೀವಂತವಾಗಿಯೇ ತೋರಿಸಬೇಕೆಂದು ತಾವರೆ ತೊಟ್ಟಿಯ ಅಂತರಗಂಗೆ ಬೇರುಗಳಿಂದ ಇಪ್ಪತ್ತನ್ನು ಹೆಕ್ಕಿ ಗಾಜಿನ ಬಟ್ಟಲಿಗೆ ಬಿಟ್ಟಿದ್ದೆ. ಮೊದಲ ದಿನವೇ ಬಾಯಿಯ ಸುತ್ತಲಿನ ಎಳೆಗಳಾದ ಗ್ರಹಣಾಂಗಗಳ ತುದಿ ಗುಂಡಿಯಂತೆ ಊದಿಕೊಂಡಿತು, ಮರುದಿನ ಅವು ಮೋಟಾಗಿ ಮೈ ಮುದುಡಿತು, ಮೂರನೆಯ ಬೆಳಿಗ್ಗೆ ತಳದಲ್ಲಿ ಗಸಿಯಷ್ಟೇ ಉಳಿದಿತ್ತು. ಕಾವೇರಿ ನೀರನ್ನು ರಾತ್ರಿಯಿಡೀ ಇಟ್ಟು, ಕ್ಲೋರಿನ್ ಹೋದ ಮೇಲೆಯೇ ಬಳಸುತ್ತೇನೆ.

ತೊಟ್ಟಿಮನೆ:
ಮೇಡಂ, ಇದು ಶಾಖದ ಪರಿಣಾಮವೇ. ಹೈಡ್ರಾಗಳಿಗೆ ಹಿತವಾದದ್ದು 18ರಿಂದ 22 ಡಿಗ್ರಿ, ನಮ್ಮ ಏಪ್ರಿಲ್ ಮಧ್ಯಾಹ್ನಗಳು 34 ಮುಟ್ಟುತ್ತವೆ. ನಾನು ಬಟ್ಟಲನ್ನು ಮಣ್ಣಿನ ಮಡಕೆಯೊಳಗಿರಿಸಿ ಹೊರಗೆ ಒದ್ದೆ ಬಟ್ಟೆ ಸುತ್ತುತ್ತೇನೆ. ಆರು ಬಟ್ಟಲುಗಳಲ್ಲಿ ಇನ್ನೂರಕ್ಕೂ ಹೆಚ್ಚು ಹೈಡ್ರಾಗಳು ಚೆನ್ನಾಗಿವೆ.

ಬಸವನಗುಡಿ ಶಿಕ್ಷಕಿ:
ಬಟ್ಟಲಿನ ನೀರು 24 ಡಿಗ್ರಿ ದಾಟಿಲ್ಲ, ದಿನಕ್ಕೆ ಮೂರು ಬಾರಿ ಅಳೆದಿದ್ದೇನೆ.

ತೊಟ್ಟಿಮನೆ:
ಉಷ್ಣಮಾಪಕವನ್ನೊಮ್ಮೆ ಪರೀಕ್ಷಿಸಿ. ಹೈಡ್ರಾಗಳಿಗೆ ಮುಪ್ಪೇ ಇಲ್ಲವೆಂದ ಮೇಲೆ, ಅವು ಒಟ್ಟಾಗಿ ಸಾಯಬೇಕಾದರೆ ಶಾಖವಲ್ಲದೆ ಬೇರೇನಿದೆ?

ಮಲ್ಲೇಶ್ವರದ ಮಸೂರ:
ಆ ಮಾತನ್ನು ಹಾಗೆ ಹಿಗ್ಗಿಸಬಾರದು. 1998ರಲ್ಲಿ ಜೀವವಿಜ್ಞಾನಿ ಮಾರ್ಟಿನೆಜ್ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕು ವರ್ಷ ಸಾಕಿದರೂ ಹೈಡ್ರಾ ವಲ್ಗ್ಯಾರಿಸ್ ಎಂಬ ಪ್ರಭೇದದಲ್ಲಿ ವಯಸ್ಸಿನೊಡನೆ ಸಾವಿನ ಪ್ರಮಾಣ ಏರಲಿಲ್ಲ ಎಂಬುದು ನಿಜ. ಆದರೆ ಇನ್ನೊಂದು ಪ್ರಭೇದವಾದ ಹೈಡ್ರಾ ಆಲಿಗ್ಯಾಕ್ಟಿಸ್ ಚಳಿ ತಾಗಿ ಲೈಂಗಿಕ ಸಂತಾನೋತ್ಪತ್ತಿಗೆ ತೊಡಗಿದ ಬಳಿಕ ಮುಪ್ಪಾಗಿ ಸಾಯುತ್ತದೆ.

ತೊಟ್ಟಿಮನೆ:
ಆಲಿಗ್ಯಾಕ್ಟಿಸ್‌ನ ಮಾತು ಇಲ್ಲಿ ಅಪ್ರಸ್ತುತ. ಒದ್ದೆ ಬಟ್ಟೆ ಸುತ್ತಿ ನೋಡಲಿ.

ಮಲ್ಲೇಶ್ವರದ ಮಸೂರ:
ಮೇಡಂ, ಗ್ರಹಣಾಂಗದ ತುದಿ ಗುಂಡಾಗುವುದು, ಮೋಟಾಗುವುದು, ಮೈ ಮುದುಡುವುದು, ಕರಗುವುದು, ಈ ಸರಣಿಯನ್ನು ಲೋಹದ ವಿಷ ತಾಗಿದ ಹೈಡ್ರಾಗಳಲ್ಲಿ ಸಾಮಾನ್ಯವಾಗಿ ಕಾಣುತ್ತೇವೆ. ನೀರನ್ನು ಯಾವ ಪಾತ್ರೆಯಲ್ಲಿ ಹಿಡಿದಿಡುತ್ತೀರಿ?

ಬಸವನಗುಡಿ ಶಿಕ್ಷಕಿ:
ತಾಮ್ರದ ಬಿಂದಿಗೆಯಲ್ಲಿ. ಅಜ್ಜಿಯ ಕಾಲದಿಂದಲೂ ಮನೆಯ ಕುಡಿಯುವ ನೀರು ಅದರಲ್ಲೇ ಇರುತ್ತದೆ, ಆದ್ದರಿಂದ ಹೇಳಬೇಕೆಂದು ತೋಚಲಿಲ್ಲ.

ಮಲ್ಲೇಶ್ವರದ ಮಸೂರ:
ಕಾರಣ ಬಹುತೇಕ ಅದೇ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಬೇರೆ ಮೂಲವಿಲ್ಲದಾಗ ಲೀಟರಿಗೆ 1.5 ಮಿಲಿಗ್ರಾಂವರೆಗೆ ತಾಮ್ರವನ್ನು ಒಪ್ಪುತ್ತದೆ. ಅದರ ಹತ್ತನೆಯ ಒಂದು ಭಾಗವೂ ಹೈಡ್ರಾಗಳಿಗೆ ಮಾರಕ. ಎರಡೇ ಪದರ ಜೀವಕೋಶಗಳಿಂದಾದ ಆ ಮೈಯಲ್ಲಿ ಬಹುಪಾಲು ಕೋಶಗಳು ನೀರನ್ನು ನೇರವಾಗಿ ಮುಟ್ಟಿಕೊಂಡೇ ಇರುತ್ತವೆ. ಅಗಲ ಬಾಯಿಯ ಗಾಜಿನ ಪಾತ್ರೆಯಲ್ಲಿ ನೀರನ್ನು ಒಂದು ದಿನ ಇಡಿ. ಆರ್‌ಓ ನೀರಿಗೆ ಬದಲಾಯಿಸಬೇಡಿ, ಕ್ಯಾಲ್ಸಿಯಂ ಇಲ್ಲದೆ ಹೈಡ್ರಾಗಳು ಉಳಿಯವು.

ತೊಟ್ಟಿಮನೆ:
ತಾಮ್ರವೂ ಇರಬಹುದು. ಮಡಕೆಯನ್ನಂತೂ ಬಿಡಬೇಡಿ.

ಬಸವನಗುಡಿ ಶಿಕ್ಷಕಿ:
ಒಂಬತ್ತನೆಯ ದಿನ. ಗಾಜಿನ ಪಾತ್ರೆಯ ನೀರಿಗೆ ಬಿಟ್ಟ ಹನ್ನೆರಡು ಹೈಡ್ರಾಗಳಲ್ಲಿ ಹನ್ನೊಂದು ಬದುಕಿವೆ, ಗ್ರಹಣಾಂಗಗಳು ನೂಲಿನಂತೆ ಚಾಚಿವೆ. ಒಂದರ ಮೈಯ ಕೆಳಭಾಗದಲ್ಲಿ ಸಣ್ಣ ಉಬ್ಬು ಕಾಣಿಸಿದೆ. ಅದು ಮೊಗ್ಗೋ ಅಂಡಾಶಯವೋ ತಿಳಿಯುತ್ತಿಲ್ಲ.

ಮಲ್ಲೇಶ್ವರದ ಮಸೂರ:
ಉಪ್ಪು ಹೋಗುವಂತೆ ತೊಳೆದ ಆರ್ಟೀಮಿಯಾ (ಉಪ್ಪುನೀರಿನ ಸಣ್ಣ ಸಿಗಡಿ) ಮರಿಗಳನ್ನು ತಿನ್ನಿಸಿ. ಮೊಗ್ಗಿನ ಒಡಲಿನ ಟೊಳ್ಳು ತಾಯಿಯ ಒಡಲಿನ ಟೊಳ್ಳಿಗೆ ಕೂಡಿಕೊಂಡಿರುವುದರಿಂದ, ಕೆಲವು ಗಂಟೆಗಳಲ್ಲಿ ಆ ಮರಿಗಳ ಕಿತ್ತಳೆ ಬಣ್ಣ ಆ ಉಬ್ಬಿನೊಳಕ್ಕೂ ಇಳಿದರೆ ಅದು ಮೊಗ್ಗು.