ಅಪ್‌ಡೇಟ್: ಏಳನೇ ತರಗತಿಯ ಮಗಳಿಗೆ ಕೊನೆಗೂ ಒಪ್ಪಿದ ವಿಜ್ಞಾನ ಪುಸ್ತಕ

ಕಥೆ ಪುಸ್ತಕ ಬಿಟ್ಟು ಬೇರೇನನ್ನೂ ಮುಟ್ಟದ ಮಗಳಿಗೆ ವಿಜ್ಞಾನದ ಯಾವ ಪುಸ್ತಕ ಕೊಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಬಣ್ಣಬಣ್ಣದ ವಿಶ್ವಕೋಶ ಚಿತ್ರ ನೋಡುವುದಕ್ಕಷ್ಟೇ ಆಯಿತು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ನನಗೆ ಅಚ್ಚುಮೆಚ್ಚು, ಆದರೆ ಅವಳ ವಯಸ್ಸಿಗೆ ಸ್ವಲ್ಪ ಭಾರ. ಸ್ವಾಮಿಯವರೇ ಬರೆದ ಗಿಡಗಳ ಚಿತ್ರಗಳನ್ನು ಮಾತ್ರ ನೋಡಿಟ್ಟಳು. ತೇಜಸ್ವಿಯವರ ‘ಪರಿಸರದ ಕಥೆ’ ಸೂಚಿಸಿದವರಿಗೆ ದೊಡ್ಡ ನಮಸ್ಕಾರ. ಕಿವಿ ಎಂಬ ನಾಯಿ ಬಂದದ್ದೇ ತಡ, ಊಟಕ್ಕೆ ಕರೆದರೂ ಏಳಲಿಲ್ಲ.

ನಾನು ನಿರೀಕ್ಷಿಸದೇ ಇದ್ದದ್ದು ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆ. 1860–61ರ ಕ್ರಿಸ್ಮಸ್ ರಜೆಯಲ್ಲಿ ಲಂಡನ್ನಿನ ಮಕ್ಕಳಿಗೆ ಮೇಣದಬತ್ತಿಯ ಬಗ್ಗೆ ಕೊಟ್ಟ ಆರು ಉಪನ್ಯಾಸಗಳ ಪುಸ್ತಕ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಅಂತರ್ಜಾಲ ತಾಣದಲ್ಲಿ ಉಚಿತವಾಗಿದೆ. ಇಂಗ್ಲಿಷ್ ಹಳೆಯ ಕಾಲದ್ದು, ಮಗುವಿನ ಕೈಗೆ ಕೊಟ್ಟು ಸುಮ್ಮನಾದರೆ ನಡೆಯದು. ನಾನೇ ಓದಿ ಕನ್ನಡದಲ್ಲಿ ಹೇಳಿದೆ. ಅದರಲ್ಲೊಂದು ಪ್ರಯೋಗ: ಬತ್ತಿ ಆರಿಸಿ, ಮೇಲೇಳುವ ಬಿಳಿ ಹೊಗೆಗೆ ಕಡ್ಡಿಯ ಉರಿ ಹಿಡಿದರೆ ಜ್ವಾಲೆ ಹೊಗೆಯಗುಂಟ ಕೆಳಗಿಳಿದು ಬತ್ತಿ ಮತ್ತೆ ಹೊತ್ತಿಕೊಳ್ಳುತ್ತದೆ. ಆ ಹೊಗೆ ಆವಿಯಾದ ಮೇಣವೇ! ಫ್ಯಾನ್ ಆರಿಸಿ, ದೊಡ್ಡವರು ಪಕ್ಕದಲ್ಲಿದ್ದು ಮಾಡಿ. ಫ್ಯಾರಡೆ ಹುಡುಗನಾಗಿದ್ದಾಗ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತ, ಅಲ್ಲಿಗೆ ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನ ಕಲಿತದ್ದು ಎಂಬುದು ಅವಳಿಗೆ ಪ್ರಯೋಗಕ್ಕಿಂತ ಹೆಚ್ಚು ಹಿಡಿಸಿತು.

ಈಗ ತೇಜಸ್ವಿಯವರದೇ ‘ಮಿಸ್ಸಿಂಗ್ ಲಿಂಕ್’ ಕೇಳುತ್ತಿದ್ದಾಳೆ. ಗ್ರಂಥಾಲಯದ ಪ್ರತಿ ಯಾರ ಬಳಿಯೋ ಇದೆಯಂತೆ, ಕಾಯುತ್ತಿದ್ದೇವೆ.