ಪೋಕರ್ ಲೋಕದ ಕಥೆ ಹೇಳುವ ಪುಸ್ತಕಗಳು: ಅನುಭವ ಹಂಚಿಕೆ

ಪ್ರಶ್ನೆ: ಯುಗಾದಿಯ ಸಮಯದಲ್ಲಿ ನೆಂಟರೊಡನೆ ಕುಳಿತು ಆಡುವ ಇಸ್ಪೀಟನ್ನು ಬಿಟ್ಟರೆ ನನಗೆ ಈ ಆಟಗಳ ಗೀಳಿಲ್ಲ; ಪೋಕರ್ ಕಲಿತು ಹಣ ಮಾಡುವ ಆಸೆಯೂ ಇಲ್ಲ. ಆದರೆ ಆ ಮೇಜಿನ ಸುತ್ತ ಕೂರುವ ಜನರ ಕಥೆಯನ್ನು ಓದಬೇಕೆನಿಸಿದೆ. ಹುಡುಕಿದಾಗಲೆಲ್ಲ ಯಾವ ಎಲೆಗೆ ಎಷ್ಟು ಪಣ ಕಟ್ಟಬೇಕೆಂದು ಹೇಳಿಕೊಡುವ ಕೈಪಿಡಿಗಳೇ ಸಿಗುತ್ತಿವೆ. ಓದಿಸಿಕೊಂಡು ಹೋಗುವಂಥ ಪುಸ್ತಕಗಳನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಇಂಗ್ಲಿಷಿನಲ್ಲಿದ್ದರೂ ಅಡ್ಡಿಯಿಲ್ಲ.

ಮೊದಲ ಉತ್ತರ: ತಾವು ಕೇಳುತ್ತಿರುವ ಬಗೆಯ ಪುಸ್ತಕಗಳಲ್ಲಿ ಒಳ್ಳೆಯವನ್ನು ಬಹುಪಾಲು ಬರೆದವರು ವೃತ್ತಿಪರ ಆಟಗಾರರಲ್ಲ, ವರದಿ ಬರೆಯಲೆಂದು ಹೋಗಿ ಮೇಜು ಬಿಟ್ಟು ಏಳಲಾಗದೆ ಕುಳಿತುಬಿಟ್ಟ ಸಾಹಿತಿಗಳು. ಇವರಿಗೆಲ್ಲ ಹಿರಿಯರೆಂದರೆ ಇಂಗ್ಲೆಂಡಿನ ಕವಿ, ವಿಮರ್ಶಕ ಆಲ್ ಆಲ್ವರೆಜ್. ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೊದಲ್ಲಿ 1981ರಲ್ಲಿ ನಡೆದ ವರ್ಲ್ಡ್ ಸೀರೀಸ್ ಆಫ್ ಪೋಕರ್ ಟೂರ್ನಿಯನ್ನು ನೋಡಿ ಅವರು ‘ದಿ ನ್ಯೂಯಾರ್ಕರ್’ ಪತ್ರಿಕೆಗೆ ಬರೆದದ್ದು, 1983ರಲ್ಲಿ ‘ದಿ ಬಿಗ್ಗೆಸ್ಟ್ ಗೇಮ್ ಇನ್ ಟೌನ್’ ಎಂಬ ಪುಸ್ತಕವಾಯಿತು. ಹತ್ತು ಸಾವಿರ ಡಾಲರಿನ ನೂರು ನೋಟುಗಳನ್ನು ಗಾಜಿನೊಳಗೆ ಜೋಡಿಸಿಟ್ಟು, ಬಂದ ಪ್ರವಾಸಿಗರನ್ನು ಅದರ ಮುಂದೆ ನಿಲ್ಲಿಸಿ ಪುಕ್ಕಟೆಯಾಗಿ ಫೋಟೊ ತೆಗೆದುಕೊಡುತ್ತಿದ್ದ ಕ್ಯಾಸಿನೊ ಅದು. ಅಂಥ ಕಡೆ ಹಣವು ಚಿಪ್‌ಗಳಾಗಿ, ಅಂದರೆ ಪಣಕ್ಕಿಡುವ ಬಿಲ್ಲೆಗಳಾಗಿ, ಬದಲಾದೊಡನೆ ಆಟಗಾರನ ಮನಸ್ಸಿನಲ್ಲಿ ಅದರ ಬೆಲೆ ಹೇಗೆ ಕರಗಿಹೋಗುತ್ತದೆಂಬುದನ್ನು ಆಲ್ವರೆಜ್ ಯಾವ ಉಪದೇಶವೂ ಇಲ್ಲದೆ ತೋರಿಸುತ್ತಾರೆ. ಪುಸ್ತಕ ಚಿಕ್ಕದು, ಆಟದ ವಿವರಗಳು ಅರ್ಥವಾಗದಿದ್ದರೂ ನಷ್ಟವಿಲ್ಲ.

ಆದರೂ ನನ್ನನ್ನು ರಾತ್ರಿ ನಿದ್ದೆಗೆಡಿಸಿದ್ದು ಜೇಮ್ಸ್ ಮ್ಯಾಕ್‌ಮ್ಯಾನಸ್ ಅವರ ‘ಪಾಸಿಟಿವ್ಲಿ ಫಿಫ್ತ್ ಸ್ಟ್ರೀಟ್’ (2003). ‘ಹಾರ್ಪರ್ಸ್’ ಪತ್ರಿಕೆಯವರು 2000ದಲ್ಲಿ ಅವರನ್ನು ಕಳುಹಿಸಿದ್ದು ಅದೇ ಟೂರ್ನಿಯಲ್ಲಿ ಮಹಿಳೆಯರ ಸಾಧನೆಯ ಬಗ್ಗೆಯೂ, ಕ್ಯಾಸಿನೊ ಮನೆತನದ ಟೆಡ್ ಬಿನಿಯನ್ 1998ರಲ್ಲಿ ಸತ್ತ ಪ್ರಕರಣದ ವಿಚಾರಣೆಯ ಬಗ್ಗೆಯೂ ಬರೆಯಲು. ಈ ಮಹಾಶಯರು ಪತ್ರಿಕೆಯ ಮುಂಗಡವನ್ನು ಅರ್ಹತಾ ಆಟಕ್ಕೆ ಸುರಿದು, 10,000 ಡಾಲರ್ ಪ್ರವೇಶಧನದ ಮುಖ್ಯ ಸ್ಪರ್ಧೆಗೇ ಇಳಿದು, 512 ಜನರಲ್ಲಿ ಐದನೆಯವರಾಗಿ 2,47,760 ಡಾಲರ್ ಗೆದ್ದರು. ಟಿ. ಜೆ. ಕ್ಲೂಟಿಯೇ ಎಂಬ ನುರಿತ ಆಟಗಾರನ ಕೈಪಿಡಿಯನ್ನು ಉರು ಹೊಡೆದು ಹೋಗಿದ್ದವರು, ಅದೇ ಕ್ಲೂಟಿಯೇಯ ಎದುರು ಕುಳಿತು, ಆತನ ಪಾಠವನ್ನು ಆತನ ಮೇಲೆಯೇ ಪ್ರಯೋಗಿಸುವ ಪುಟಗಳನ್ನು ಯಾವ ಪತ್ತೇದಾರಿ ಕಾದಂಬರಿಯೂ ಮೀರಿಸಲಾರದು. ಎಕ್ಕ-ರಾಣಿ ಹಿಡಿದಿದ್ದ ಕ್ಲೂಟಿಯೇ ಕಡೆಗೆ, ಎಕ್ಕ-ಒಂಬತ್ತು ಹಿಡಿದಿದ್ದ ಕ್ರಿಸ್ ಫರ್ಗ್ಯುಸನ್‌ಗೆ ಸೋತದ್ದು ಕೊನೆಯ ಎಲೆಯಾಗಿ ಒಂದು ಒಂಬತ್ತು ಬಿದ್ದದ್ದರಿಂದ. ಕೊಲೆ ಪ್ರಕರಣದ ಅಧ್ಯಾಯಗಳನ್ನು ಮಾತ್ರ ಎಚ್ಚರದಿಂದ ಓದಬೇಕು: ಟೆಡ್‌ನನ್ನು ಕೊಂದರೆಂದು ಇಬ್ಬರನ್ನು ತಪ್ಪಿತಸ್ಥರೆಂದಿದ್ದ ತೀರ್ಪು ಪುಸ್ತಕ ಬಂದ ಮೇಲೆ ರದ್ದಾಗಿ, 2004ರ ಮರುವಿಚಾರಣೆಯಲ್ಲಿ ಆ ಇಬ್ಬರೂ ಕೊಲೆಯ ಆರೋಪದಿಂದ ಖುಲಾಸೆಯಾದರು.

ಇದೇ ಜಾಡಿನಲ್ಲಿ, ಪತ್ರಕರ್ತ ಆಂಥನಿ ಹೋಲ್ಡನ್ ಒಂದು ವರ್ಷ ವೃತ್ತಿಪರ ಆಟಗಾರನಾಗಿ ಬದುಕಿ ನೋಡಿದ ‘ಬಿಗ್ ಡೀಲ್’ (1990) ಕೂಡ ಹಗುರವಾಗಿ, ಹಾಸ್ಯವಾಗಿ ಸಾಗುತ್ತದೆ.

ಎರಡನೆಯ ಉತ್ತರ: ಮೇಲಿನವರ ಅಭಿರುಚಿಯನ್ನು ಗೌರವಿಸುತ್ತೇನಾದರೂ, ಸಾಹಿತಿಗಳು ಬರೆದದ್ದೇ ಶ್ರೇಷ್ಠವೆಂಬ ಮಾತನ್ನು ಒಪ್ಪುವುದು ನನಗೆ ಕಷ್ಟ. ಹೊರಗಿನಿಂದ ಬಂದವರು ಸೋತರೂ ಅವರಿಗೆ ಪುಸ್ತಕವೊಂದು ದಕ್ಕುತ್ತದೆ. ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡವನಿಗೆ ಆ ಸೌಕರ್ಯವಿಲ್ಲ. ಆ ಬದುಕಿನ ಬೇಸರ, ಸಾಲ, ಕೈಬದಲು ಕೊಟ್ಟ ಹಣ ಮರಳಿ ಬಾರದಿರುವುದು, ಹಗಲು ರಾತ್ರಿಗಳ ಲೆಕ್ಕ ತಪ್ಪುವುದು, ಇವೆಲ್ಲ ಆಟಗಾರನೇ ಆಗಿದ್ದ ಜೆಸ್ಸಿ ಮೇ ಬರೆದ ‘ಶಟ್ ಅಪ್ ಅಂಡ್ ಡೀಲ್’ (1998) ಕಾದಂಬರಿಯಲ್ಲಿವೆ. ಅದಕ್ಕೆ ಹೇಳಿಕೊಳ್ಳುವಂಥ ಕಥಾಹಂದರವಿಲ್ಲ. ಕೆಲವರಿಗೆ ಅದೇ ದೋಷವಾಗಿ ಕಾಣಬಹುದು.

ಜೀವನಚರಿತ್ರೆ ಇಷ್ಟವಾಗುವುದಾದರೆ ನೋಲನ್ ಡಲ್ಲಾ ಮತ್ತು ಪೀಟರ್ ಆಲ್ಸನ್ ಬರೆದ ‘ಒನ್ ಆಫ್ ಎ ಕೈಂಡ್’ (2005) ಓದಿರಿ. ನಮ್ಮ ರಮ್ಮಿಯ ಸೋದರಸಂಬಂಧಿಯಾದ ಜಿನ್ ರಮ್ಮಿಯಲ್ಲಿ ಸ್ಟೂ ಅಂಗರ್ ಎಷ್ಟು ಪ್ರಚಂಡನೆಂದರೆ, ಅವನೊಡನೆ ಹಣ ಕಟ್ಟಿ ಆಡಲು ಯಾರೂ ಮುಂದೆ ಬಾರದಂತಾಗಿ ಅವನು ಪೋಕರಿಗೆ ತಿರುಗಿದ. ವರ್ಲ್ಡ್ ಸೀರೀಸನ್ನು 1980 ಮತ್ತು 1981ರಲ್ಲಿ ಸತತವಾಗಿ ಗೆದ್ದ. ಆಮೇಲೆ ಮಾದಕವಸ್ತುವಿನ ಚಟಕ್ಕೆ ಬಿದ್ದು, 1997ರಲ್ಲಿ ಇನ್ನೊಬ್ಬರು ಕಟ್ಟಿದ ಪ್ರವೇಶಧನದಲ್ಲಿ ಆಡಿ, ಕೊಕೇನಿನಿಂದ ಕುಸಿದ ಮೂಗನ್ನು ನೀಲಿ ಗಾಜಿನ ಕನ್ನಡಕದಡಿ ಮರೆಸಿಕೊಂಡು ಮೂರನೆಯ ಬಾರಿ ಗೆದ್ದ. ಮರುವರ್ಷದ ನವೆಂಬರಿನಲ್ಲಿ ಒಂದು ಅಗ್ಗದ ಮೋಟೆಲಿನಲ್ಲಿ ಅವನ ಶವ ಸಿಕ್ಕಿತು. ಆಗ ವಯಸ್ಸು 45. ಮನರಂಜನೆ ಬೇಕೆಂದವರಿಗೆ ಇದನ್ನು ಸೂಚಿಸುವುದು ಸರಿಯೇ ಎಂಬ ಅನುಮಾನ ನನಗಿದೆ, ಆದರೆ ಕೈಗೆತ್ತಿಕೊಂಡ ಮೇಲೆ ಕೆಳಗಿಡುವುದು ಸುಲಭವಲ್ಲ.

ಮೂರನೆಯ ಉತ್ತರ: ಇಬ್ಬರೂ ಮಹಿಳೆಯರ ಬರಹವನ್ನು ಮರೆತಿದ್ದಾರೆ. ಪತ್ರಕರ್ತೆ ವಿಕ್ಟೋರಿಯಾ ಕೋರೆನ್ 2006ರಲ್ಲಿ ಲಂಡನ್ನಿನ ಯುರೋಪಿಯನ್ ಪೋಕರ್ ಟೂರ್ ಸ್ಪರ್ಧೆಯಲ್ಲಿ ಗೆದ್ದು 5 ಲಕ್ಷ ಪೌಂಡ್ ಪಡೆದವರು. ಅವರ ‘ಫಾರ್ ರಿಚರ್, ಫಾರ್ ಪೂರರ್’ (2009) ಆಟಕ್ಕಿಂತ ಗೆಳೆತನದ ಪುಸ್ತಕ. ಮನಃಶಾಸ್ತ್ರಜ್ಞೆ ಮರಿಯಾ ಕೊನ್ನಿಕೋವಾ ಅವರಿಗಂತೂ ಕಟ್ಟಿನಲ್ಲಿ ಎಷ್ಟು ಎಲೆಗಳಿರುತ್ತವೆ ಎಂಬುದೂ ತಿಳಿದಿರಲಿಲ್ಲ. ಬದುಕಿನಲ್ಲಿ ಅದೃಷ್ಟದ ಪಾಲೆಷ್ಟೆಂದು ಅರಿಯಲು ಎರಿಕ್ ಸೈಡೆಲ್ ಎಂಬ ಹಿರಿಯ ಆಟಗಾರರ ಬಳಿ ಶಿಷ್ಯವೃತ್ತಿ ಮಾಡಿ, 2018ರಲ್ಲಿ ಒಂದು ಟೂರ್ನಿಯನ್ನೇ ಗೆದ್ದರು. ‘ದಿ ಬಿಗ್ಗೆಸ್ಟ್ ಬ್ಲಫ್’ (2020) ಅದರ ಕಥೆ. ಆಗಾಗ ಪಾಠ ಹೇಳುವ ಧಾಟಿ ಇಣುಕುತ್ತದೆ, ಸಹಿಸಿಕೊಳ್ಳಬಹುದು. ಕೋಲ್ಸನ್ ವೈಟ್‌ಹೆಡ್ ಅವರ ‘ದಿ ನೋಬಲ್ ಹಸಲ್’ (2014) ಮಾತ್ರ ನನಗೆ ಹಿಡಿಸಲಿಲ್ಲ. ತನ್ನನ್ನೇ ಗೇಲಿ ಮಾಡಿಕೊಳ್ಳುವ ವರಸೆ ಐವತ್ತು ಪುಟಗಳಲ್ಲಿ ಹಳತಾಗುತ್ತದೆ.

ಪ್ರಶ್ನೆ ಕೇಳಿದವರಿಗೆ ಒಂದು ಸೂಚನೆ. ಮೂರೆಲೆ ಆಟ ಬಲ್ಲವರಿಗೆ ಬ್ಲಫ್ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ, ಆದರೆ ಅಲ್ಲಿ ಸೀಕ್ವೆನ್ಸ್ (ಅನುಕ್ರಮದ ಎಲೆಗಳು) ಕಲರ್‌ಗಿಂತ (ಒಂದೇ ಜಾತಿಯ ಎಲೆಗಳಿಗಿಂತ) ದೊಡ್ಡದು, ಪೋಕರಿನಲ್ಲಿ ಕಲರ್ ದೊಡ್ಡದು. ಇದು ತಿಳಿಯದೆ ಮ್ಯಾಕ್‌ಮ್ಯಾನಸ್ ಓದಲು ಕುಳಿತರೆ ಯಾರು ಗೆದ್ದರು, ಯಾರು ಸೋತರು ಎಂಬುದೇ ಗೊಂದಲವಾದೀತು.