3600 ಎಂದು ಬರೆದಿರುವ ರ‍್ಯಾಮ್ 2133ರಲ್ಲೇ ಓಡುತ್ತಿದ್ದರೆ ಏನು ಮಾಡಬೇಕು?

ಪ್ರಶ್ನೆ: ನಮಸ್ಕಾರ ಸರ್. ಕಳೆದ ತಿಂಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು, ಶಿವಮೊಗ್ಗದ ಮನೆಯಲ್ಲಿ ನಾನೇ ಕಂಪ್ಯೂಟರ್ ಜೋಡಿಸಿದೆ. ರೈಜೆನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್‌ಗಳಿವೆ. ಸ್ಟಿಕ್ ಮೇಲಿನ ಚೀಟಿಯಲ್ಲಿ ‘3600, 18-22-22-42, 1.35 ವೋಲ್ಟ್’ ಎಂದು ಅಚ್ಚಾಗಿದೆ. ಆದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ 2133 ಎಂದು ತೋರಿಸುತ್ತದೆ, ಸಿಪಿಯು-ಝಡ್ ತಂತ್ರಾಂಶವಂತೂ 1066 ಎನ್ನುತ್ತದೆ. ಅಂಗಡಿಯವರನ್ನು ಕೇಳಿದರೆ ‘ಅದು ಹಾಗೇ ಇರುತ್ತದೆ’ ಎಂದರು. ನನಗೆ ಕಡಿಮೆ ದರ್ಜೆಯ ಮಾಲು ಬಂದಿದೆಯೇ?

ಉತ್ತರ: ಇಲ್ಲ, ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಮಾಲು ಸರಿಯಾಗಿಯೇ ಇದೆ. ‘ಹಾಗೇ ಇರುತ್ತದೆ’ ಎಂಬ ಉತ್ತರ ಮಾತ್ರ ಸರಿಯಲ್ಲ. ಹಣ ಕೊಟ್ಟು ಪಡೆದ ವೇಗವನ್ನು ಬಳಸಿಕೊಳ್ಳುವ ಬಗೆಯನ್ನು ಮಾರುವವರು ಎರಡು ಮಾತಿನಲ್ಲಿ ಹೇಳಬಹುದಿತ್ತು.

ಮೊದಲು ಆ ಎರಡು ಅಂಕಿಗಳ ಗೊಂದಲ ಬಗೆಹರಿಸಿಕೊಳ್ಳೋಣ. ಡಿಡಿಆರ್ ಬಗೆಯ ರ‍್ಯಾಮ್ ಗಡಿಯಾರದ ಪ್ರತಿ ಸುತ್ತಿನಲ್ಲಿ ಎರಡು ಸಲ ದತ್ತಾಂಶ ಸಾಗಿಸುತ್ತದೆ. ಸಿಪಿಯು-ಝಡ್ ತೋರಿಸುವುದು ಗಡಿಯಾರದ ವೇಗವನ್ನು, ಟಾಸ್ಕ್ ಮ್ಯಾನೇಜರ್ ತೋರಿಸುವುದು ಸಾಗಣೆಯ ವೇಗವನ್ನು. ಎರಡೂ ಸೆಕೆಂಡಿಗೆ ಎಷ್ಟು ದಶಲಕ್ಷ ಸಲ ಎಂಬ ಲೆಕ್ಕ. ಆದ್ದರಿಂದ 1066 ಮತ್ತು 2133 ಒಂದೇ ಸಂಗತಿ. ನಿಮ್ಮ ರ‍್ಯಾಮ್ ಸರಿಯಾದ ವೇಗಕ್ಕೆ ಬಂದಾಗ ಅಲ್ಲಿ 1800, ಇಲ್ಲಿ 3600 ಕಾಣಬೇಕು.

ಇನ್ನು ವೇಗ ಕಡಿಮೆ ಇರುವುದಕ್ಕೆ ಕಾರಣ. ಪ್ರತಿ ಸ್ಟಿಕ್‌ನ ಮೇಲೂ ಎಸ್‌ಪಿಡಿ ಎಂಬ ಪುಟ್ಟ ಚಿಪ್ ಇರುತ್ತದೆ, ಆ ಸ್ಟಿಕ್ ಯಾವ ಯಾವ ವೇಗದಲ್ಲಿ ಹೇಗೆ ಓಡಬೇಕು ಎಂಬ ಪಟ್ಟಿಗಳು ಅದರಲ್ಲಿ ಬರೆದಿರುತ್ತವೆ. ಒಂದು ಬಗೆಯ ಪಟ್ಟಿ ಜೆಡೆಕ್ ಎಂಬ ಉದ್ಯಮ ಸಂಸ್ಥೆಯ ಮಾನದಂಡಕ್ಕೆ ಸೇರಿದ್ದು. ಡಿಡಿಆರ್4ರಲ್ಲಿ ಅದು 1.2 ವೋಲ್ಟ್‌ನಲ್ಲಿ ನಡೆಯುತ್ತದೆ, ಅದರ ಗರಿಷ್ಠ ವೇಗ 3200. ಇನ್ನೊಂದು ಪಟ್ಟಿ ರ‍್ಯಾಮ್ ತಯಾರಕರು ತಾವೇ ಪರೀಕ್ಷಿಸಿ ಬರೆದದ್ದು. ಇದನ್ನೇ ಎಕ್ಸ್‌ಎಂಪಿ ಎನ್ನುತ್ತಾರೆ, ಇಂಟೆಲ್ ಇದನ್ನು 2007ರಲ್ಲಿ, ಡಿಡಿಆರ್3ರ ಕಾಲದಲ್ಲಿ ತಂದಿತು. ಹೊಸ ಕಂಪ್ಯೂಟರ್ ಮೊದಲ ಸಲ ಆನ್ ಆದಾಗ ಬಯಾಸ್ (ವಿಂಡೋಸ್‌ಗಿಂತ ಮೊದಲು ಓಡುವ, ಬೋರ್ಡ್‌ನೊಳಗಿನ ತಂತ್ರಾಂಶ) ಯಾವ ಅಪಾಯವನ್ನೂ ಮೈಮೇಲೆ ಎಳೆದುಕೊಳ್ಳದೆ ಜೆಡೆಕ್ ಪಟ್ಟಿಯ ವೇಗವನ್ನೇ, ನಿಮ್ಮಲ್ಲಿ 2133ನ್ನು, ಆರಿಸಿಕೊಳ್ಳುತ್ತದೆ. ಚೀಟಿಯ ಮೇಲಿನ 3600 ಮತ್ತು 1.35 ವೋಲ್ಟ್ ಎರಡನೆಯ ಪಟ್ಟಿಗೆ ಸೇರಿದವು, ಅದನ್ನು ಜಾರಿಗೆ ತರಬೇಕಾದವರು ನೀವೇ.

ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಕೀಲಿಯನ್ನು ಒತ್ತಿ ಬಯಾಸ್ ಒಳಗೆ ಹೋಗಿ. ಬೋರ್ಡ್ ತಯಾರಕರನ್ನು ಅವಲಂಬಿಸಿ ಈ ಆಯ್ಕೆ ಎಕ್ಸ್‌ಎಂಪಿ, ಎ-ಎಕ್ಸ್‌ಎಂಪಿ ಅಥವಾ ಡಿಒಸಿಪಿ ಎಂಬ ಹೆಸರಿನಲ್ಲಿ ಇರುತ್ತದೆ. ‘ಪ್ರೊಫೈಲ್ 1’ ಆರಿಸಿ, ಎಫ್10 ಒತ್ತಿ ಉಳಿಸಿ ಹೊರಬನ್ನಿ. ಬಳಿಕ ಸಿಪಿಯು-ಝಡ್‌ನ ಮೆಮೊರಿ ಪುಟದಲ್ಲಿ ರ‍್ಯಾಮ್ ಗಡಿಯಾರದ ಜೊತೆಗೆ ಮೆಮೊರಿ ನಿಯಂತ್ರಕದ (ಪ್ರೊಸೆಸರ್‌ನೊಳಗೆ ಮೆಮೊರಿಯ ಜೊತೆ ವ್ಯವಹರಿಸುವ ಭಾಗದ) ವೇಗವನ್ನೂ ನೋಡಿ. ಎರಡೂ 1800ರ ಆಸುಪಾಸಿನಲ್ಲಿದ್ದರೆ ಸರಿ. ನಿಯಂತ್ರಕ 900 ಎಂದು ತೋರಿಸಿದರೆ ಅದು ಅರ್ಧ ವೇಗಕ್ಕೆ ಇಳಿದಿದೆ ಎಂದರ್ಥ, ಹಾಗಾದಾಗ ರ‍್ಯಾಮ್‌ನ ವೇಗದಿಂದ ದೊರೆತ ಲಾಭದಲ್ಲಿ ದೊಡ್ಡ ಪಾಲು ವಿಳಂಬಕ್ಕೆ ಹೋಗುತ್ತದೆ. ನಿಮ್ಮ ಪೀಳಿಗೆಯ ರೈಜೆನ್‌ನಲ್ಲಿ ನಿಯಂತ್ರಕ ಸಾಮಾನ್ಯವಾಗಿ 3600ರವರೆಗೆ ಅರ್ಧಕ್ಕೆ ಇಳಿಯದೆ ಜೊತೆಗೂಡುತ್ತದೆ, 3600 ಅತ್ಯಂತ ಒಪ್ಪುವ ವೇಗ ಎಂದು ಹೇಳುವುದು ಈ ಕಾರಣಕ್ಕೇ.

ಲಾಭ ಎಷ್ಟು ಎಂದು ಕೇಳುವುದು ಸಹಜ. ಎರಡು ಸ್ಟಿಕ್ ಸೇರಿ 2133ರಲ್ಲಿ ಸೆಕೆಂಡಿಗೆ ಸುಮಾರು 34 ಜಿಬಿ ಸಾಗಿಸಬಲ್ಲವು, 3600ರಲ್ಲಿ 57.6 ಜಿಬಿ. ವಿಳಂಬವೂ ಇಳಿಯುತ್ತದೆ. ಕೇಳಿದ ದತ್ತಾಂಶ ಹೊರಬರಲು ಎಷ್ಟು ಸುತ್ತು ಬೇಕು ಎಂಬುದೇ ಸಿಎಲ್, ನಿಮ್ಮ ಚೀಟಿಯ 18-22-22-42ರಲ್ಲಿ ಮೊದಲ ಅಂಕಿ ಅದು: 2133ರಲ್ಲಿ ಸಿಎಲ್ 15 ಎಂದರೆ ಸುಮಾರು 14 ನ್ಯಾನೊ ಸೆಕೆಂಡು, 3600ರಲ್ಲಿ ಸಿಎಲ್ 18 ಎಂದರೆ 10. ಸಿಎಲ್ ಅಂಕಿ ದೊಡ್ಡದಾಯಿತೆಂದು ಹಲವರು ಗಾಬರಿಯಾಗುತ್ತಾರೆ, ಆದರೆ ಅದು ಗಡಿಯಾರದ ಸುತ್ತುಗಳ ಎಣಿಕೆಯೇ ಹೊರತು ಕಾಲದ ಅಳತೆಯಲ್ಲ. ಆಟಗಳಲ್ಲಿಯೂ ದೊಡ್ಡ ಕಡತಗಳನ್ನು ಕುಗ್ಗಿಸುವ ಕೆಲಸದಲ್ಲಿಯೂ ವ್ಯತ್ಯಾಸ ಗೊತ್ತಾಗುತ್ತದೆ. ಪತ್ರ ಟೈಪ್ ಮಾಡಿ, ಜಾಲತಾಣ ನೋಡುವವರಿಗೆ ಗೊತ್ತಾಗುವುದಿಲ್ಲ.

ಒಂದು ವಿಷಯವನ್ನು ಮರೆಯಬೇಡಿ. ನಿಮ್ಮ ಪ್ರೊಸೆಸರ್‌ಗೆ ಎಎಂಡಿ ಅಧಿಕೃತವಾಗಿ ಹೇಳಿರುವುದು 3200 ಮಾತ್ರ, ಅದಕ್ಕಿಂತ ಮೇಲಿನದೆಲ್ಲ ಓವರ್‌ಕ್ಲಾಕಿಂಗ್, ಅಂದರೆ ಅಧಿಕೃತ ಮಿತಿ ಮೀರಿ ಓಡಿಸುವ, ಲೆಕ್ಕಕ್ಕೆ ಬರುತ್ತದೆ. ಚೀಟಿ ಮಾತು ಕೊಟ್ಟಿರುವುದು ಸ್ಟಿಕ್‌ನ ಬಗ್ಗೆ ಮಾತ್ರ. ಪ್ರೊಸೆಸರ್ ಮತ್ತು ಬೋರ್ಡ್ ಕೂಡ ಅದನ್ನು ನಡೆಸಿಕೊಡುತ್ತವೆಯೇ ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು.

ಪ್ರಶ್ನೆ (ಅದೇ ಸದಸ್ಯರಿಂದ): ಪ್ರೊಫೈಲ್ ಆರಿಸಿ ಉಳಿಸಿದ ಕೂಡಲೇ ಪರದೆ ಕಪ್ಪಾಯಿತು ಸರ್. ಕಂಪ್ಯೂಟರ್ ತಾನಾಗಿಯೇ ಕೆಲವು ಸಲ ಆಫ್ ಆಗಿ ಆನ್ ಆಗಿ, ಕೊನೆಗೆ ಮತ್ತೆ 2133ರಲ್ಲೇ ತೆರೆದುಕೊಂಡಿತು. ಏನಾದರೂ ಹಾಳಾಗಿರಬಹುದೇ? ಸ್ಟಿಕ್‌ಗಳನ್ನು ಪ್ರೊಸೆಸರ್ ಕಡೆಯಿಂದ ಮೊದಲನೆಯ ಮತ್ತು ಮೂರನೆಯ ಸ್ಲಾಟ್‌ಗಳಲ್ಲಿ ಕೂರಿಸಿದ್ದೇನೆ.

ಉತ್ತರ: ಏನೂ ಹಾಳಾಗಿಲ್ಲ. ಹೊಸ ವೇಗದಲ್ಲಿ ರ‍್ಯಾಮ್ ಜೊತೆ ಹೊಂದಿಕೊಳ್ಳಲು ಬೋರ್ಡ್ ಪ್ರಯತ್ನಿಸಿ, ಆಗದಿದ್ದಾಗ ಸುರಕ್ಷಿತ ವೇಗಕ್ಕೆ ಹಿಂದಿರುಗಿದೆ. ಹಾಗೆ ಹಿಂದಿರುಗದೆ ಕಪ್ಪು ಪರದೆಯಲ್ಲೇ ನಿಂತರೂ ಹೆದರಬೇಕಾಗಿಲ್ಲ. ವಿದ್ಯುತ್ ಸಂಪರ್ಕ ತೆಗೆದು, ಬೋರ್ಡ್ ಮೇಲಿನ ಸಿಆರ್2032 ಬ್ಯಾಟರಿಯನ್ನು ಕೆಲವು ನಿಮಿಷ ಹೊರಗಿಟ್ಟು ಮತ್ತೆ ಹಾಕಿದರೆ ಬಯಾಸ್ ಮೊದಲಿನ ಸ್ಥಿತಿಗೆ ಬರುತ್ತದೆ.

ತಪ್ಪು ಬಹುಶಃ ಸ್ಲಾಟ್‌ನಲ್ಲಿದೆ. ನಾಲ್ಕು ಸ್ಲಾಟ್ ಇರುವ ಬಹುತೇಕ ಬೋರ್ಡ್‌ಗಳಲ್ಲಿ ಎರಡು ಸ್ಟಿಕ್‌ಗಳನ್ನು ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಲ್ಲೇ ಹಾಕಬೇಕು. ಬೋರ್ಡ್ ಮೇಲೆ ಅವುಗಳಿಗೆ ಎ2, ಬಿ2 ಎಂದು ಬರೆದಿರುತ್ತದೆ. ಪ್ರೊಸೆಸರ್‌ನಿಂದ ಹೊರಟ ತಂತು ಹತ್ತಿರದ ಸ್ಲಾಟನ್ನು ಹಾದು ದೂರದ ಸ್ಲಾಟಿಗೆ ಹೋಗುತ್ತದೆ. ಸ್ಟಿಕ್ ಹತ್ತಿರದಲ್ಲಿದ್ದರೆ ಅದರಾಚೆ ತಂತುವಿನ ತುದಿ ಬರಿದಾಗಿ ಉಳಿಯುತ್ತದೆ, ಖಾಲಿ ಛತ್ರದಲ್ಲಿ ಆಡಿದ ಮಾತು ಗೋಡೆಗೆ ಬಡಿದು ಹಿಂದಿರುಗಿ ಮುಂದಿನ ಮಾತನ್ನು ಕೆಡಿಸುವಂತೆ ಸಂಕೇತವೂ ಅಲ್ಲಿಂದ ಹಿಂದಿರುಗಿ ಬರುತ್ತದೆ. 2133ರಲ್ಲಿ ಇದರಿಂದ ತೊಂದರೆಯಾಗದಿರಬಹುದು, 3600ರಲ್ಲಿ ಆಗುತ್ತದೆ. ಸ್ಥಳ ಬದಲಿಸುವಾಗ ಎರಡೂ ಕಡೆ ಟಕ್ ಎನ್ನುವವರೆಗೆ ಒತ್ತಿ ಕೂರಿಸಿ.

ಪ್ರಶ್ನೆ (ಅದೇ ಸದಸ್ಯರಿಂದ): ಸ್ಲಾಟ್ ಬದಲಿಸಿದ ಮೇಲೆ 3600 ಬಂದಿತು, ಧನ್ಯವಾದ. ಆದರೆ ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶ ಓಡಿಸಿಟ್ಟಿದ್ದೆ, ಬೆಳಿಗ್ಗೆ ನೋಡಿದರೆ ಎರಡು ತಪ್ಪುಗಳು ದಾಖಲಾಗಿದ್ದವು. ವಿಂಡೋಸ್ ಮಾತ್ರ ಚೆನ್ನಾಗಿಯೇ ನಡೆಯುತ್ತಿದೆ. ಎರಡೇ ತಪ್ಪು ಅಲ್ಲವೇ, ಹಾಗೆಯೇ ಬಿಡಬಹುದೇ?

ಉತ್ತರ: ದಯವಿಟ್ಟು ಬಿಡಬೇಡಿ. ರ‍್ಯಾಮ್ ವಿಷಯದಲ್ಲಿ ಒಪ್ಪಬಹುದಾದ ತಪ್ಪುಗಳ ಸಂಖ್ಯೆ ಸೊನ್ನೆ. ನಿಮ್ಮ ಬಗೆಯ ಸಾಮಾನ್ಯ ಡಿಡಿಆರ್4ರಲ್ಲಿ ತಪ್ಪು ಹಿಡಿದು ತಿದ್ದುವ ಇಸಿಸಿ ವ್ಯವಸ್ಥೆ ಇಲ್ಲ. ಆದ್ದರಿಂದ ಕೆಟ್ಟ ಬಿಟ್ ಒಂದು ಯಾರಿಗೂ ಹೇಳದೆ ಡಿಸ್ಕಿಗೆ ಹೋಗಿ ಕೂರುತ್ತದೆ. ಅದು ಮಗುವಿನ ಚಿತ್ರವಿರಬಹುದು, ಲೆಕ್ಕದ ಕಡತವಿರಬಹುದು, ವಿಂಡೋಸ್‌ನದೇ ಭಾಗವಿರಬಹುದು. ಕಂಪ್ಯೂಟರ್ ನಿಂತುಹೋದರೆ ತಕ್ಷಣ ತಿಳಿಯುತ್ತದೆ. ಮೌನವಾಗಿ ಕೆಟ್ಟ ಕಡತ ತಿಂಗಳುಗಳ ನಂತರ ತೆರೆಯಲು ಹೋದಾಗಷ್ಟೇ ತಿಳಿಯುತ್ತದೆ, ಅಷ್ಟರಲ್ಲಿ ಬ್ಯಾಕಪ್‌ನಲ್ಲಿಯೂ ಕೆಟ್ಟದ್ದೇ ಸೇರಿರುತ್ತದೆ. ನಿಧಾನದ ರ‍್ಯಾಮ್‌ನಿಂದ ಯಾರ ಕೆಲಸವೂ ಹಾಳಾಗಿಲ್ಲ, ತಪ್ಪು ಮಾಡುವ ವೇಗದ ರ‍್ಯಾಮ್‌ನಿಂದ ಹಾಳಾಗಿದೆ.

ಮೊದಲು ಬೋರ್ಡ್ ತಯಾರಕರ ತಾಣದಿಂದ ಹೊಸ ಬಯಾಸ್ ಇಳಿಸಿ ಹಾಕಿ. ರ‍್ಯಾಮ್ ಹೊಂದಾಣಿಕೆಯ ಸುಧಾರಣೆಗಳು ಬರುವುದು ಅದರಲ್ಲೇ. ಆಗಲೂ ತಪ್ಪು ಬಂದರೆ ಪ್ರೊಫೈಲ್ ಹಾಗೆಯೇ ಇರಲಿ, ವೇಗವನ್ನು ಮಾತ್ರ 3466ಕ್ಕೆ, ಅಗತ್ಯವಿದ್ದರೆ 3200ಕ್ಕೆ ಇಳಿಸಿ, 18-22-22-42 ಮತ್ತು 1.35 ವೋಲ್ಟ್ ಬದಲಿಸದೆ ಪರೀಕ್ಷಿಸಿ. 3200ರಲ್ಲಿ ವಿಳಂಬ 11.25 ನ್ಯಾನೊ ಸೆಕೆಂಡಾಗುತ್ತದೆ, ನೀವು ಕಳೆದುಕೊಳ್ಳುವುದು ಅತ್ಯಲ್ಪ. 2133ರಲ್ಲಿಯೂ ತಪ್ಪು ಬಂದರೆ ಒಂದೊಂದೇ ಸ್ಟಿಕ್ ಹಾಕಿ ಪರೀಕ್ಷಿಸಿ, ಕೆಟ್ಟದ್ದನ್ನು ಪತ್ತೆ ಹಚ್ಚಿ ವಾರಂಟಿಯಲ್ಲಿ ಬದಲಿಸಿಕೊಳ್ಳಿ. ಜೋಡಿಯಾಗಿ ಕೊಂಡದ್ದನ್ನು ಜೋಡಿಯಾಗಿಯೇ ಕಳಿಸಬೇಕು.

ಪ್ರಶ್ನೆ (ಇನ್ನೊಬ್ಬ ಸದಸ್ಯರಿಂದ): ನಮ್ಮ ಕಚೇರಿಯಲ್ಲಿ ಇಂಟೆಲ್ ಐ5-10400 ಮತ್ತು ಎಚ್510 ಬೋರ್ಡ್ ಇದೆ. 3200ರ ರ‍್ಯಾಮ್ ಹಾಕಿಸಿದರೂ 2666 ದಾಟುತ್ತಿಲ್ಲ. ಬಯಾಸ್‌ನಲ್ಲಿ ಯಾವುದನ್ನು ಬದಲಿಸಬೇಕು?

ಉತ್ತರ: ಬದಲಿಸುವಂಥದ್ದು ಏನೂ ಇಲ್ಲ. ಆ ಪ್ರೊಸೆಸರ್‌ನ ಅಧಿಕೃತ ಮಿತಿಯೇ 2666, ಎಚ್510 ಬೋರ್ಡ್ ಆ ಮಿತಿಯನ್ನು ದಾಟಲು ಬಿಡುವುದಿಲ್ಲ. ರ‍್ಯಾಮ್ ಹೊಂದಿಕೊಂಡು ನಡೆಯುತ್ತಿದೆ, ಅದನ್ನು ಮರಳಿಸಬೇಕಾಗಿಲ್ಲ. ಒಂದೇ ಸ್ಟಿಕ್ ಇದ್ದರೆ ಅಷ್ಟೇ ಗಾತ್ರದ ಇನ್ನೊಂದನ್ನು ಸೇರಿಸಿ; ಪ್ರೊಸೆಸರ್ ಮತ್ತು ಮೆಮೊರಿಯ ನಡುವಿನ ಎರಡು ಚಾನೆಲ್‌ಗಳೂ (ಸಾಗಣೆಯ ದಾರಿಗಳೂ) ಕೆಲಸಕ್ಕೆ ಬಂದರೆ ಸಾಗಣೆಯ ಸಾಮರ್ಥ್ಯ ಇಮ್ಮಡಿಯಾಗುತ್ತದೆ, ಇದು 2666ರಿಂದ 3200ಕ್ಕೆ ಏರುವುದಕ್ಕಿಂತ ದೊಡ್ಡ ಲಾಭ.

ಪ್ರಶ್ನೆ (ಮತ್ತೊಬ್ಬ ಸದಸ್ಯರಿಂದ): ನನ್ನದು ರೈಜೆನ್ 7 7700, ವಿಡಿಯೊ ಸಂಕಲನಕ್ಕೆ ಬಳಸುತ್ತೇನೆ. 6000ರ ಡಿಡಿಆರ್5 ಸ್ಟಿಕ್ ಎರಡಿದ್ದಾಗ ಎಕ್ಸ್‌ಪೋ ಹಾಕಿ ಚೆನ್ನಾಗಿ ನಡೆಯುತ್ತಿತ್ತು. ಅದೇ ಮಾದರಿಯ ಇನ್ನೆರಡು ಕೊಂಡು ಒಟ್ಟು 64 ಜಿಬಿ ಮಾಡಿದ ಮೇಲೆ 6000ರಲ್ಲಿ ಆನ್ ಆಗುವುದೇ ಇಲ್ಲ, 3600ರಲ್ಲಿ ಮಾತ್ರ ನಡೆಯುತ್ತದೆ.

ಉತ್ತರ: ನೀವು ಕಂಡ ಅಂಕಿಯೇ ಎಎಂಡಿಯ ವಿವರಪಟ್ಟಿಯಲ್ಲಿಯೂ ಇದೆ: ರೈಜೆನ್ 7000 ಸರಣಿಗೆ ಎರಡು ಸ್ಟಿಕ್ ಇದ್ದಾಗ 5200, ನಾಲ್ಕು ಇದ್ದಾಗ 3600. ಎಕ್ಸ್‌ಪೋ ಎಂಬುದು ಎಎಂಡಿ 2022ರಲ್ಲಿ ಡಿಡಿಆರ್5ಗಾಗಿ ತಂದ ಪ್ರೊಫೈಲ್, ನಿಮ್ಮ 6000 ಅದರಿಂದ ಬಂದದ್ದು. ಒಂದು ಪ್ಯಾಕ್‌ನಲ್ಲಿ ಬಂದ ಎರಡು ಸ್ಟಿಕ್‌ಗಳನ್ನಷ್ಟೇ ಒಟ್ಟಿಗೆ ಪರೀಕ್ಷಿಸಿರುತ್ತಾರೆ. ಎರಡು ಪ್ಯಾಕ್ ಸೇರಿಸಿ ನಾಲ್ಕಾದಾಗ ಅದು ಆ ವೇಗಕ್ಕೆ ಓಡುತ್ತದೆ ಎಂದು ಯಾವ ತಯಾರಕರೂ ಹೇಳಿರುವುದಿಲ್ಲ. ವೇಗವನ್ನು 4800, 5200 ಎಂದು ಏರಿಸಿ ನೋಡಬಹುದು. ಬದಲಿಸಿದ ನಂತರ ಮೊದಲ ಸಲ ಆನ್ ಆಗುವಾಗ ಪರದೆ ಹಲವು ನಿಮಿಷ ಕಪ್ಪಾಗಿಯೇ ಇರುತ್ತದೆ, ಬೋರ್ಡ್ ಆಗ ರ‍್ಯಾಮ್‌ಗೆ ಹೊಂದಿಕೊಳ್ಳುವ ತರಬೇತಿ ನಡೆಸುತ್ತಿರುತ್ತದೆ. ನಡುವೆ ಸ್ವಿಚ್ ಆಫ್ ಮಾಡಬೇಡಿ.

ಅಂಗಡಿಯವರು ಹಿಂದಕ್ಕೆ ಪಡೆಯುವುದಾದರೆ ನಾಲ್ಕನ್ನೂ ಕೊಟ್ಟು 32 ಜಿಬಿಯ ಎರಡು ಸ್ಟಿಕ್‌ಗಳ ಒಂದೇ ಪ್ಯಾಕ್ ತೆಗೆದುಕೊಳ್ಳಿ. ಪಡೆಯದಿದ್ದರೆ, ನಿಮ್ಮ ಸಂಕಲನದ ಕೆಲಸ ಟಾಸ್ಕ್ ಮ್ಯಾನೇಜರ್‌ನಲ್ಲಿ ನಿಜಕ್ಕೂ 32 ಜಿಬಿ ದಾಟುತ್ತಿದೆಯೇ ಎಂದು ನೋಡಿ. ದಾಟುತ್ತಿದ್ದರೆ 3600ರ 64 ಜಿಬಿಯೇ ಮೇಲು, ಏಕೆಂದರೆ ರ‍್ಯಾಮ್ ಸಾಲದೆ ಡಿಸ್ಕನ್ನು ಬಳಸತೊಡಗಿದ ಕಂಪ್ಯೂಟರ್‌ಗೆ 6000ರ ವೇಗದಿಂದ ಯಾವ ಉಪಯೋಗವೂ ಇಲ್ಲ. ದಾಟದಿದ್ದರೆ ಎರಡನ್ನು ತೆಗೆದಿಟ್ಟು, ಎ2 ಮತ್ತು ಬಿ2ರಲ್ಲಿ ಮೊದಲಿನ ಜೋಡಿಯನ್ನೇ 6000ರಲ್ಲಿ ಓಡಿಸಿ.